ನೈಜೆಲ್ ಗ್ರೆಸ್ಲಿ

ಸರ್ ಹರ್ಬರ್ಟ್ ನೈಜೆಲ್ ಗ್ರೆಸ್ಲಿ (ಜೂನ್ 19, 1876 – ಏಪ್ರಿಲ್ 5, 1941) ಬ್ರಿಟನ್ನಿನ ಪ್ರಖ್ಯಾತ ರೈಲ್ವೆ ಎಂಜಿನಿಯರ್. 'ಫ್ಲೈಯಿಂಗ್ ಸ್ಕಾಟ್ಸ್‌ಮನ್' ಮತ್ತು 'ಮಲ್ಲಾರ್ಡ್' ಎಂಬ ಉಗಿ ಎಂಜಿನ್‌ಗಳು ಇವರ ವಿನ್ಯಾಸಗಳು. ಡೀಸೆಲ್ ರೈಲುಗಳು ತಲೆಯೆತ್ತುತ್ತಿದ್ದ ಕಾಲದಲ್ಲಿ, ಉಗಿಶಕ್ತಿಯಿಂದಲೂ ಅತಿವೇಗದ ಎಕ್ಸ್‌ಪ್ರೆಸ್ ರೈಲುಗಳನ್ನು ನಡೆಸಬಹುದೆಂದು ಇವರು ತೋರಿಸಿಕೊಟ್ಟರು.

ಜನನ ಮತ್ತು ವೃತ್ತಿ

ಗ್ರೆಸ್ಲಿ ಹುಟ್ಟಿದ್ದು ಎಡಿನ್‌ಬರೋ ನಗರದಲ್ಲಿ, ಬೆಳೆದದ್ದು ಇಂಗ್ಲೆಂಡಿನ ನೆದರ್‌ಸೀಲ್ ಗ್ರಾಮದಲ್ಲಿ. ತಂದೆ ಅಲ್ಲಿನ ಪಾದ್ರಿಯಾಗಿದ್ದರು. ಮಾರ್ಲ್‌ಬರೋ ಕಾಲೇಜಿನಲ್ಲಿ ಓದು ಮುಗಿಸಿ, 1893ರಲ್ಲಿ ಕ್ರೂ ರೈಲ್ವೆ ಕಾರ್ಯಾಗಾರದಲ್ಲಿ ತರಬೇತಿಗೆ ಸೇರಿದರು. 1905ರಲ್ಲಿ ಗ್ರೇಟ್ ನಾರ್ದರ್ನ್ ರೈಲ್ವೆಯ ಡಾಂಕಾಸ್ಟರ್‌ಗೆ ಬಂದು ಬೋಗಿ ವಿಭಾಗದ ಮುಖ್ಯಸ್ಥರಾದರು. 1911ರಲ್ಲಿ ಎಂಜಿನ್‌ಗಳ ಹೊಣೆಯೂ ಇವರದಾಯಿತು. 1923ರಲ್ಲಿ ಹಲವು ಸಂಸ್ಥೆಗಳು ಸೇರಿ ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೆ ರಚನೆಯಾದಾಗ ಅದರ ಮುಖ್ಯ ಮೆಕ್ಯಾನಿಕಲ್ ಎಂಜಿನಿಯರ್ ಆದರು.

ಫ್ಲೈಯಿಂಗ್ ಸ್ಕಾಟ್ಸ್‌ಮನ್

ಲಂಡನ್–ಎಡಿನ್‌ಬರೋ ನಡುವಿನ ಪ್ರಸಿದ್ಧ ರೈಲಿನ ಹೆಸರನ್ನೇ ಗ್ರೆಸ್ಲಿಯವರ ಒಂದು ಎಂಜಿನ್‌ಗೂ ಇಡಲಾಯಿತು. 1925ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಯ 'ಪೆಂಡೆನಿಸ್ ಕ್ಯಾಸಲ್' ಎಂಬ ಚಿಕ್ಕ ಎಂಜಿನ್, ಇವರ ಎಂಜಿನ್‌ಗಳಿಗೆ ಎದುರಾಗಿ ಓಡಿ, ಕಡಿಮೆ ಕಲ್ಲಿದ್ದಲಿನಲ್ಲಿ ಅದೇ ಕೆಲಸ ಮಾಡಿತು. ಗ್ರೆಸ್ಲಿ ಈ ಸೋಲಿನಿಂದ ಪಾಠ ಕಲಿತರು. ವಾಲ್ವ್‌ಗಳ ಚಲನೆಯನ್ನು ಹಿಗ್ಗಿಸಿ, ಬಾಯ್ಲರಿನ ಒತ್ತಡವನ್ನು ಹೆಚ್ಚಿಸಿದರು. ಇಂಧನ ಗಣನೀಯವಾಗಿ ಉಳಿಯಿತು.

ಇದರಿಂದ ದೂರದ ತಡೆರಹಿತ ಓಟ ಸಾಧ್ಯವಾಯಿತು. 1928ರ ಮೇ 1ರಂದು ಈ ರೈಲು ಸುಮಾರು 632 ಕಿ.ಮೀ. ದೂರವನ್ನು ಎಲ್ಲಿಯೂ ನಿಲ್ಲದೆ ಕ್ರಮಿಸಿತು. ಇದಕ್ಕಾಗಿ ಗ್ರೆಸ್ಲಿ ಕಲ್ಲಿದ್ದಲಿನ ಟೆಂಡರ್‌ನೊಳಗೆ ಕಿರಿದಾದ ಓಣಿಯೊಂದನ್ನು ರೂಪಿಸಿದ್ದರು. ಅದರ ಮೂಲಕ ಚಾಲಕ ಹಾಗೂ ಫೈರ್‌ಮನ್ ನಡುದಾರಿಯಲ್ಲಿ ಪಾಳಿ ಬದಲಿಸುತ್ತಿದ್ದರು.

ವೇಗದ ದಾಖಲೆಗಳು

ಜರ್ಮನಿಯ ಡೀಸೆಲ್ ರೈಲನ್ನು ಗ್ರೆಸ್ಲಿ ಕೂಲಂಕಷವಾಗಿ ಪರಿಶೀಲಿಸಿದರು. ಆದರೆ ಹೆಚ್ಚು ಪ್ರಯಾಣಿಕರನ್ನು ಸುಖವಾಗಿ ಒಯ್ಯಲು ಉಗಿ ಎಂಜಿನ್ನೇ ಮೇಲೆಂದು ನಿರ್ಧರಿಸಿದರು. ಗಾಳಿಯನ್ನು ಸೀಳಿ ಸಾಗುವ ಆಕಾರದ 'ಎ4' ಎಂಜಿನ್‌ಗಳು 1935ರಲ್ಲಿ ಬಂದವು. ಇವು ಎಳೆದ 'ಸಿಲ್ವರ್ ಜುಬಿಲಿ' ರೈಲು ಲಂಡನ್ನಿನಿಂದ ನ್ಯೂಕಾಸಲ್‌ಗೆ 4 ಗಂಟೆಗಳಲ್ಲಿ ತಲುಪುತ್ತಿತ್ತು. 1938ರ ಜುಲೈ 3ರಂದು ಇದೇ ವರ್ಗದ ಮಲ್ಲಾರ್ಡ್, ಗ್ರಾಂಥಮ್ ದಕ್ಷಿಣದ ಸ್ಟೋಕ್ ಇಳಿಜಾರಿನಲ್ಲಿ ಗಂಟೆಗೆ 203 ಕಿ.ಮೀ. ವೇಗ ಮುಟ್ಟಿತು. ಉಗಿ ಎಂಜಿನ್‌ಗಳಲ್ಲಿ ಈ ದಾಖಲೆಯನ್ನು ಇನ್ನೂ ಯಾವುದೂ ಮುರಿದಿಲ್ಲ. ಆದರೆ ಆ ಓಟದಲ್ಲಿ ನಡುವಿನ ಸಿಲಿಂಡರಿಗೆ ಸೇರಿದ ಬೇರಿಂಗ್ ಅತಿಯಾಗಿ ಕಾದು, ಎಂಜಿನ್ನನ್ನು ಪೀಟರ್‌ಬರೋದಲ್ಲಿ ಬಿಡಿಸಬೇಕಾಯಿತು.

ಮಿತಿಗಳು

ಗ್ರೆಸ್ಲಿಯವರ ಮೂರು ಸಿಲಿಂಡರಿನ ಎಂಜಿನ್‌ಗಳಲ್ಲಿ ನಡುವಿನ ವಾಲ್ವ್, ಪಕ್ಕದ ಎರಡು ವಾಲ್ವ್‌ಗಳ ಚಲನೆಯಿಂದಲೇ ನಡೆಯುತ್ತಿತ್ತು. ಕೀಲುಗಳು ಸವೆದರೆ ಅದರ ಹೊಂದಾಣಿಕೆ ತಪ್ಪುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ದುರಸ್ತಿ ಹಿಂದುಳಿದಾಗ ಈ ದೋಷ ಎದ್ದು ಕಂಡಿತು. ಇವರ ನಂತರ ಬಂದ ಎಡ್ವರ್ಡ್ ಥಾಂಪ್ಸನ್ ಈ ವ್ಯವಸ್ಥೆಯನ್ನು ಕೈಬಿಟ್ಟರು.

ಗೌರವ ಮತ್ತು ನಿಧನ

1936ರಲ್ಲಿ ಗ್ರೆಸ್ಲಿಯವರಿಗೆ 'ಸರ್' ಪದವಿ ದೊರೆಯಿತು. 1937ರಲ್ಲಿ ತಯಾರಾದ ಎ4 ಎಂಜಿನ್ನೊಂದಕ್ಕೆ ಇವರದೇ ಹೆಸರಿಡಲಾಯಿತು. ಸೇವೆಯಲ್ಲಿರುವಾಗಲೇ 1941ರಲ್ಲಿ ನಿಧನರಾದ ಇವರನ್ನು ನೆದರ್‌ಸೀಲ್‌ನಲ್ಲಿ ಸಮಾಧಿ ಮಾಡಲಾಯಿತು. ಮಲ್ಲಾರ್ಡ್ ಇಂದು ಯಾರ್ಕ್ ನಗರದ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯದಲ್ಲಿದೆ. ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ 2016ರಲ್ಲಿ ಗ್ರೆಸ್ಲಿಯವರ ಪ್ರತಿಮೆಯನ್ನು ಸ್ಥಾಪಿಸಲಾಗಿದೆ.