ಲೆಕ್ಕ ತಪ್ಪಿದರೆ ಹೊಣೆ ಯಾರದು? – ಸಹಕಾರಿ ಧುರೀಣ ರೈಫೈಸನ್ ಅವರ ಜೀವನ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಮನಸ್ಸು ಬಿಚ್ಚಿ ಒಂದು ಮಾತು ಹೇಳಬೇಕೆನಿಸಿದೆ. ಸುಸ್ತಿ ಬಾಕಿ ಏರಿತು ಎಂದರೆ ಮಹಾಸಭೆಯಲ್ಲಿ ನಾವೆಲ್ಲ ಕಾರ್ಯದರ್ಶಿಯ ಕಡೆ ಬೆರಳು ತೋರಿಸುತ್ತೇವೆ. ಕಾರ್ಯದರ್ಶಿ ಆಡಳಿತ ಮಂಡಳಿಯ ಮುಖ ನೋಡುತ್ತಾರೆ. ಮಂಡಳಿಯವರು ಸದಸ್ಯರೇ ಕಂತು ಕಟ್ಟಲ್ಲ ಅಂತಾರೆ. ಕೊನೆಗೆ ಕಾಫಿ ತಿಂಡಿ ಮುಗಿಸಿಕೊಂಡು ಎಲ್ಲರೂ ಮನೆಗೆ ಹೋಗ್ತೇವೆ. ಹಾಗಾದರೆ ಸಂಘದ ಕೆಲಸ ಹಳಿ ತಪ್ಪಿದಾಗ ಸರಿಪಡಿಸುವ ಹೊಣೆ ಯಾರದು? ಈ ಪ್ರಶ್ನೆಗೆ ಜೀವಮಾನವಿಡೀ ಉತ್ತರ ಹುಡುಕಿದ ಮಹನೀಯರು ಜರ್ಮನಿಯ ಫ್ರೆಡ್ರಿಕ್ ವಿಲ್ಹೆಲ್ಮ್ ರೈಫೈಸನ್.

ಅವರು ಹುಟ್ಟಿದ್ದು 1818ರ ಮಾರ್ಚ್ 30ರಂದು, ಜೀಗ್ ನದಿಯ ದಂಡೆಯ ಹಾಮ್ ಎಂಬ ಹಳ್ಳಿಯಲ್ಲಿ. ಮನೆ ತುಂಬ ಮಕ್ಕಳು, ಕೈಯಲ್ಲಿ ಕಾಸಿಲ್ಲ. ದೊಡ್ಡ ಓದು ಓದಲಾಗಲಿಲ್ಲ. ಸೈನ್ಯ ಸೇರಿದರು, ಕಣ್ಣಿನ ಬೇನೆ ಬಂದು 1843ರಲ್ಲಿ ಅದನ್ನೂ ಬಿಡಬೇಕಾಯ್ತು. 1845ರಲ್ಲಿ ವೈಯರ್‌ಬುಷ್ ಎಂಬಲ್ಲಿ ಹಲವು ಹಳ್ಳಿಗಳ ಆಡಳಿತ ನೋಡುವ ಮೇಯರ್ ಆದರು.

ಮರುವರ್ಷವೇ ಬೆಳೆ ಕೆಟ್ಟು ಬರಗಾಲ ಬಂತು. ಸರ್ಕಾರ ದವಸವನ್ನೇನೋ ಕಳಿಸಿತು, ಆದರೆ ನಗದು ಕೊಟ್ಟವರಿಗೆ ಮಾತ್ರ ಅಂತ ಹುಕುಂ. ನಗದು ಇದ್ದವರು ಹಸಿದಿರಲಿಲ್ಲ, ಹಸಿದವರ ಹತ್ತಿರ ನಗದು ಇರಲಿಲ್ಲ. ರೈಫೈಸನ್ ಹುಕುಂ ಬದಿಗಿಟ್ಟು ಬಡವರಿಗೆ ಸಾಲವಾಗಿ ಕೊಡಿಸಿದರು. ಉಳ್ಳವರಿಂದ ಹಣ ಕೂಡಿಸಿ ರೊಟ್ಟಿ ಸಂಘ ಕಟ್ಟಿದರು, ಊರಿಗೊಂದು ರೊಟ್ಟಿ ಒಲೆಯ ಮನೆ ಕಟ್ಟಿಸಿದರು.

1848ರಲ್ಲಿ ಫ್ಲಾಮರ್ಸ್‌ಫೆಲ್ಡ್‌ಗೆ ವರ್ಗವಾಯಿತು. ಅಲ್ಲಿ ದನದ ವ್ಯಾಪಾರಿಗಳ ಬಡ್ಡಿಗೆ ಸಿಕ್ಕಿ ರೈತರು ಹಟ್ಟಿ ಬರಿದು ಮಾಡಿಕೊಂಡಿದ್ದರು. 1849ರಲ್ಲಿ ಸುಮಾರು 60 ಮಂದಿ ಅನುಕೂಲಸ್ಥರು ತಮ್ಮ ಆಸ್ತಿಯನ್ನೇ ಜಾಮೀನು ಕೊಟ್ಟು ಸಂಘ ಮಾಡಿದರು. ದನ ಕೊಂಡು ರೈತರಿಗೆ ಕೊಟ್ಟು, ಕಂತಿನಲ್ಲಿ ಹಣ ವಾಪಸು ಪಡೆಯುವ ಏರ್ಪಾಟು ಅದು. 1854ರಲ್ಲಿ ಹೆಡೆಸ್‌ಡಾರ್ಫ್‌ನಲ್ಲೂ ಇಂಥದೇ ಧರ್ಮಸಂಘ ಆಯ್ತು.

ಆದರೆ ಬರಬರುತ್ತಾ ಉಳ್ಳವರ ಉತ್ಸಾಹ ಇಳಿಯಿತು. ಹೊಣೆಯೆಲ್ಲ ಕೊಟ್ಟವರದು, ಪಡೆದವರಿಗೆ ಸಂಘದಲ್ಲಿ ಜಾಗವೂ ಇಲ್ಲ, ಜವಾಬ್ದಾರಿಯೂ ಇಲ್ಲ. ದಾನಧರ್ಮದಿಂದಲೇ ಊರು ಉದ್ಧಾರವಾಗುತ್ತದೆ ಎಂದು ರೈಫೈಸನ್ ಬಹಳ ವರ್ಷ ನಂಬಿದ್ದರು. ದೋಷ ಜನರಲ್ಲಿಲ್ಲ, ತಾವು ಹಾಕಿದ ಪದ್ಧತಿಯಲ್ಲಿದೆ ಎಂಬುದನ್ನು ಕಡೆಗೆ ಅವರೇ ಒಪ್ಪಿಕೊಂಡರು. ನಮಗೆ ಅವರ ದೊಡ್ಡತನ ಕಾಣುವುದು ಇಲ್ಲೇ.

1864ರಲ್ಲಿ ಹೆಡೆಸ್‌ಡಾರ್ಫ್‌ನಲ್ಲಿ ಹೊಸ ಸಾಲ ಸಂಘ ಹುಟ್ಟಿತು. ಸಾಲ ಬೇಕಾದವನು ಮೊದಲು ಸದಸ್ಯನಾಗಬೇಕು. ಸಂಘದ ವ್ಯಾಪ್ತಿ ಚಿಕ್ಕದಿರಬೇಕು, ಒಬ್ಬರ ಕಷ್ಟಸುಖ ಇನ್ನೊಬ್ಬರಿಗೆ ಗೊತ್ತಿರಬೇಕು. ಸಾಲ ಯಾರಿಗೆ, ಯಾತಕ್ಕೆ ಎಂದು ತೀರ್ಮಾನಿಸುವುದು ಸಂಬಳವಿಲ್ಲದ ಆಡಳಿತ ಮಂಡಳಿ. ಹಣ, ಪುಸ್ತಕ ನೋಡುವ ಲೆಕ್ಕಿಗನಿಗೆ ಮಾತ್ರ ಸಂಬಳ. ಇವರಿಬ್ಬರ ಮೇಲೂ ಕಣ್ಣಿಡಲು ಬೇರೆ ಮೇಲ್ವಿಚಾರಣಾ ಸಮಿತಿ. ಲಾಭ ಹಂಚುವಂತಿಲ್ಲ, ನಿಧಿಗೆ ಸೇರಬೇಕು. ಇಷ್ಟೆಲ್ಲ ಆಗಿಯೂ ನಷ್ಟವಾದರೆ? ಪ್ರತಿ ಸದಸ್ಯನೂ ತನ್ನ ಇಡೀ ಆಸ್ತಿಯಿಂದ ಬಾಧ್ಯಸ್ಥ. ಒಬ್ಬನ ಸಾಲ ಮುಳುಗಿದರೆ ಪಕ್ಕದವನ ಹೊಲಕ್ಕೆ ಕುತ್ತು. ಹೀಗಾಗಿ ದನಕ್ಕೆಂದು ಪಡೆದ ಸಾಲದಲ್ಲಿ ದನ ಬಂತೇ ಎಂದು ಇಡೀ ಊರೇ ನೋಡುತ್ತಿತ್ತು. ಕೆಲಸ ಒಬ್ಬೊಬ್ಬರಿಗೆ ಹಂಚಿದ್ದು, ಹೊಣೆ ಎಲ್ಲರದು. ಅವರು ಕಂಡುಕೊಂಡ ಉತ್ತರ ಇದು.

ಸ್ವಂತ ಬದುಕು ಸುಖದ್ದಾಗಿರಲಿಲ್ಲ. 1863ರಲ್ಲಿ ಪತ್ನಿ ತೀರಿಕೊಂಡರು. 1865ರಲ್ಲಿ ಕಣ್ಣು ಮಂದವಾಗಿ ಕೆಲಸ ಬಿಟ್ಟರು. ಸಣ್ಣ ಪಿಂಚಣಿ ಸಾಲದೆ ದ್ರಾಕ್ಷಾರಸದ ವ್ಯಾಪಾರ ಮಾಡಿದರು. ಮಗಳು ಅಮಾಲಿಯೇ ಅವರಿಗೆ ಕಣ್ಣಾದಳು, ಓದಿ ಬರೆದು ನೆರವಾದಳು. 1866ರಲ್ಲಿ ಸಾಲ ಸಂಘಗಳ ಬಗ್ಗೆ ಅವರ ಪುಸ್ತಕ ಹೊರಬಂತು. 1877ರಲ್ಲಿ ಸಂಘಗಳ ಒಕ್ಕೂಟ ಕಟ್ಟಿದರು. 1888ರ ಮಾರ್ಚ್ 11ರಂದು ತೀರಿಕೊಂಡರು. ಮರುವರ್ಷವೇ ಜರ್ಮನಿಯ ಕಾಯ್ದೆ ಸಹಕಾರ ಸಂಘಗಳಿಗೆ ಲೆಕ್ಕ ತಪಾಸಣೆಯನ್ನು ಕಡ್ಡಾಯ ಮಾಡಿತು.

ಮದ್ರಾಸ್ ಸರ್ಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಯುರೋಪಿನ ಸಂಘಗಳನ್ನು ಅಭ್ಯಾಸ ಮಾಡಿ ವರದಿ ಕೊಟ್ಟರು, ರೈಫೈಸನ್ ಮಾದರಿಯನ್ನು ಎತ್ತಿಹಿಡಿದರು. 1904ರಲ್ಲಿ ಕಾಯ್ದೆ ಬಂತು. ಅದರಲ್ಲಿ ಹಳ್ಳಿ ಸಂಘಗಳಿಗೆ ಅಪರಿಮಿತ ಹೊಣೆಯೇ ಸಾಮಾನ್ಯ ನಿಯಮವಾಗಿತ್ತು. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ್ದು ನಮ್ಮೆಲ್ಲರ ಹೆಮ್ಮೆ.

ಇಂದು ನಮ್ಮ ಹೊಣೆಗೆ ಮಿತಿ ಇದೆ. ಅದು ಒಳ್ಳೆಯದೇ, ಒಬ್ಬನ ತಪ್ಪಿಗೆ ಇನ್ನೊಬ್ಬನ ಹೊಲ ಹೋಗುವುದಿಲ್ಲ. ಆದರೆ ಹೊಣೆಗೆ ಮಿತಿ ಬಂದಾಗ ನಮ್ಮ ಕಣ್ಣಿಗೂ ಮಿತಿ ಬಂತೇನೋ ಎಂಬ ಅನುಮಾನ ನಮಗಿದೆ. ಆಡಿಟ್ ವರದಿ ಓದುವಾಗ ಎಷ್ಟು ಜನ ಕಿವಿಗೊಡುತ್ತೇವೆ? ಜಾಮೀನಿಗೆ ರುಜು ಹಾಕುವಾಗ ಎಷ್ಟು ಜನ ಯೋಚನೆ ಮಾಡ್ತೇವೆ? ಮುಂದಿನ ಮಹಾಸಭೆಯಲ್ಲಿ ಬೆರಳು ತೋರಿಸುವ ಮೊದಲು ನಮ್ಮ ನಮ್ಮ ಖಾತೆಯ ಪುಟ ತೆಗೆದು ನೋಡೋಣ. ರೈಫೈಸನ್ ಅವರಿಗೆ ಅದಕ್ಕಿಂತ ದೊಡ್ಡ ಕಾಣಿಕೆ ಬೇರೆ ಇಲ್ಲ.