ಪುಟ್ಟಣ್ಣ ಕಣಗಾಲ್: ಕಾದಂಬರಿಯಿಂದ ತೆರೆಗೆ, ತೆರೆಯಿಂದ ಬದುಕಿಗೆ

ಕನ್ನಡ ಕಾದಂಬರಿಯ ಓದುಗ ವಲಯ ಮತ್ತು ಕನ್ನಡ ಚಲನಚಿತ್ರದ ಪ್ರೇಕ್ಷಕ ವಲಯ ಇವೆರಡೂ ಬಹುಕಾಲ ಬೇರೆ ಬೇರೆಯಾಗಿಯೇ ಬೆಳೆದವು. ಪೌರಾಣಿಕ, ಐತಿಹಾಸಿಕ ಮತ್ತು ಭಕ್ತಿಪ್ರಧಾನ ವಸ್ತುಗಳೇ ತೆರೆಯನ್ನು ಹೆಚ್ಚಾಗಿ ಆಳುತ್ತಿದ್ದ ಸಂದರ್ಭದಲ್ಲಿ ಸಮಕಾಲೀನ ಕುಟುಂಬದ ಒಳಮನೆಯನ್ನು, ವಿಶೇಷವಾಗಿ ಹೆಣ್ಣಿನ ಅಂತರಂಗವನ್ನು ಸಾಮಾನ್ಯ ಪ್ರೇಕ್ಷಕರ ಮುಂದೆ ತೆರೆದಿಟ್ಟ ನಿರ್ದೇಶಕರಲ್ಲಿ ಎಸ್.ಆರ್. ಪುಟ್ಟಣ್ಣ ಕಣಗಾಲ್ ಅಗ್ರಗಣ್ಯರು.

ಪುಟ್ಟಣ್ಣನವರು 1933ರ ಡಿಸೆಂಬರ್ 1ರಂದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ ಬಡ ಕುಟುಂಬವೊಂದರಲ್ಲಿ ಜನಿಸಿದರು. ಚಿತ್ರಗೀತೆಗಳ ರಚನೆಯಿಂದ ಹೆಸರಾದ ಕಣಗಾಲ್ ಪ್ರಭಾಕರ ಶಾಸ್ತ್ರಿಗಳು ಇವರ ಅಣ್ಣ. ಜೀವನೋಪಾಯಕ್ಕಾಗಿ ಹಲವು ಸಣ್ಣಪುಟ್ಟ ಕೆಲಸಗಳನ್ನು ಮಾಡಿದ ಪುಟ್ಟಣ್ಣನವರಿಗೆ ಬಿ.ಆರ್. ಪಂತುಲು ಅವರ ಬಳಿ ಸಹಾಯಕರಾಗಿ ದುಡಿದದ್ದು ಚಿತ್ರಕಲೆಯ ಪಾಠಶಾಲೆಯಾಯಿತು. ಅವರ ಸ್ವತಂತ್ರ ನಿರ್ದೇಶನ ಆರಂಭವಾದದ್ದು ಮಲಯಾಳಂ ಭಾಷೆಯಲ್ಲಿ, 1964ರ ‘ಸ್ಕೂಲ್ ಮಾಸ್ಟರ್’ ಚಿತ್ರದ ಮೂಲಕ. 1966ರಲ್ಲಿ ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು ಅವರು ‘ಪೂಚ್ಚಕ್ಕಣ್ಣಿ’ ಎಂಬ ಹೆಸರಿನಲ್ಲಿ ಅದೇ ಭಾಷೆಯ ತೆರೆಗೆ ತಂದರು. ಕನ್ನಡದಲ್ಲಿ ನಿರ್ದೇಶಕರಾಗುವ ಮೊದಲೇ ಅವರ ಆಯ್ಕೆ ಕನ್ನಡ ಲೇಖಕಿಯೊಬ್ಬರ ಕೃತಿಯತ್ತ ಹೊರಳಿತ್ತೆಂಬುದು ಗಮನಾರ್ಹ.

1967ರ ‘ಬೆಳ್ಳಿಮೋಡ’ವೂ ತ್ರಿವೇಣಿಯವರ ಕಾದಂಬರಿಯನ್ನೇ ಆಧರಿಸಿದೆ. ಇಂದಿರೆಯ ತಂದೆಯ ಹಣದಿಂದ ವಿದೇಶದಲ್ಲಿ ಓದಿ ಬಂದ ಮೋಹನ, ಅವಳಿಗೆ ತಮ್ಮ ಹುಟ್ಟಿ ಆಸ್ತಿಯ ಆಸೆ ಕಮರಿದಾಗ ಮದುವೆಯಿಂದ ಹಿಂದೆ ಸರಿಯುತ್ತಾನೆ. ಮುಂದೆ ಅವಳ ಶುಶ್ರೂಷೆಯಿಂದ ಚೇತರಿಸಿಕೊಂಡು ಮದುವೆಗೆ ಸಿದ್ಧನಾದಾಗ ಇಂದಿರೆ ಅವನನ್ನು ನಿರಾಕರಿಸುತ್ತಾಳೆ. ವಿವಾಹವೇ ಕಥೆಯ ಶುಭಾಂತ್ಯವೆಂಬ ರೂಢಿಗೆ ಒಗ್ಗಿದ್ದ ಪ್ರೇಕ್ಷಕರಿಗೆ ಈ ನಿರಾಕರಣೆ ಹೊಸ ಅನುಭವವಾಗಿತ್ತು. ಎಂ.ಕೆ. ಇಂದಿರಾ ಅವರ ಕೃತಿಯನ್ನು ಆಧರಿಸಿದ ‘ಗೆಜ್ಜೆಪೂಜೆ’ (1969) ವೇಶ್ಯಾವೃತ್ತಿಯ ಮನೆಯಲ್ಲಿ ಹುಟ್ಟಿ ಗೃಹಿಣಿಯಾಗಬಯಸುವ ಚಂದ್ರಾಳ ದುರಂತವನ್ನು ಚಿತ್ರಿಸಿತು. ಹುಟ್ಟನ್ನು ಶೀಲದ ಅಳತೆಗೋಲಾಗಿಸುವ ಸಮಾಜದ ಕ್ರೌರ್ಯವೇ ಇಲ್ಲಿಯ ಕೇಂದ್ರ. ಈ ಚಿತ್ರದ ಚಿತ್ರಕಥೆಗಾಗಿ ಪುಟ್ಟಣ್ಣನವರಿಗೆ ರಾಷ್ಟ್ರಪ್ರಶಸ್ತಿ ಸಂದಿತು.

ನೋಟದ ಪಲ್ಲಟದ ದೃಷ್ಟಿಯಿಂದ ‘ಶರಪಂಜರ’ (1971) ಹೆಚ್ಚಿನ ವಿವೇಚನೆಯನ್ನು ಬಯಸುತ್ತದೆ. ಬೆಂಗಳೂರಿನ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗಳು ಒಂದಾಗಿ ನಿಮ್ಹಾನ್ಸ್ ರೂಪುಗೊಂಡದ್ದು 1974ರಲ್ಲಿ. ಅದಕ್ಕೂ ಮುಂಚೆ ಬಂದ ಈ ಚಿತ್ರ, ಮಾನಸಿಕ ಅಸ್ವಸ್ಥತೆಯನ್ನು ಹಾಸ್ಯದ ಅಥವಾ ಭೀತಿಯ ವಸ್ತುವಾಗಿ ಕಾಣುವ ಅಭ್ಯಾಸಕ್ಕೆ ಪ್ರತಿಯಾಗಿ ನಿಂತಿತು. ಕಾವೇರಿ ಚಿಕಿತ್ಸೆಯಿಂದ ಗುಣಮುಖಳಾಗಿ ಮನೆಗೆ ಮರಳುತ್ತಾಳೆ; ಆದರೆ ಮನೆ ಅವಳನ್ನು ಗುಣಮುಖಳೆಂದು ಒಪ್ಪುವುದಿಲ್ಲ. ಅವಳ ಸಹಜ ಕೋಪವೂ ರೋಗದ ಲಕ್ಷಣವಾಗಿ ಕಾಣುತ್ತದೆ. ಅವಳ ಗತಜೀವನವನ್ನು ಶಂಕಿಸುವ ಗಂಡನ ಪರಸ್ತ್ರೀ ಸಂಬಂಧ ಮಾತ್ರ ಪ್ರಶ್ನಾತೀತವಾಗಿ ಉಳಿಯುತ್ತದೆ. ಕಡೆಗೆ ಕಾವೇರಿ ಆಸ್ಪತ್ರೆಗೆ ಮರಳುವಾಗ ರೋಗ ಯಾರದು ಎಂಬ ಪ್ರಶ್ನೆ ಪ್ರೇಕ್ಷಕನ ಪಾಲಿಗೆ ಉಳಿಯುತ್ತದೆ. ಕಲ್ಪನಾ ಅವರ ಅಭಿನಯ ಈ ಪ್ರಶ್ನೆಗೆ ಮುಖ ಕೊಟ್ಟಿತು. ಮನಶ್ಶಾಸ್ತ್ರವನ್ನು ಅಭ್ಯಸಿಸಿದ್ದ ತ್ರಿವೇಣಿಯವರು 1963ರಲ್ಲಿಯೇ ನಿಧನರಾಗಿದ್ದರಿಂದ ತಮ್ಮ ಪಾತ್ರಗಳು ತೆರೆಯ ಮೇಲೆ ಪಡೆದ ಮರುಹುಟ್ಟನ್ನು ಕಾಣಲಾಗಲಿಲ್ಲ.

ಸಾಹಿತ್ಯದೊಂದಿಗಿನ ಈ ಸಂಬಂಧ ಸದಾ ಸುಗಮವಾಗಿರಲಿಲ್ಲ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಬೆಸೆದು ರೂಪಿಸಿದ ‘ನಾಗರಹಾವು’ (1972) ಅಪಾರ ಜನಪ್ರಿಯತೆ ಗಳಿಸಿ ವಿಷ್ಣುವರ್ಧನ್ ಮತ್ತು ಅಂಬರೀಷ್ ಅವರನ್ನು ಬೆಳಕಿಗೆ ತಂದಿತಾದರೂ ಮೂಲ ಲೇಖಕರಿಗೆ ಸಮಾಧಾನ ನೀಡಲಿಲ್ಲ. ಭಾರತೀಸುತರ ‘ಎಡಕಲ್ಲು ಗುಡ್ಡದ ಮೇಲೆ’ (1973) ವಿವಾಹಿತ ಸ್ತ್ರೀಯ ದೈಹಿಕ ಅತೃಪ್ತಿಯನ್ನು ಚರ್ಚೆಗೆ ತಂದಿತು. 1976ರ ‘ಕಥಾಸಂಗಮ’ದಲ್ಲಿ ಗಿರಡ್ಡಿ ಗೋವಿಂದರಾಜ, ವೀಣಾ ಮತ್ತು ಈಶ್ವರಚಂದ್ರ ಅವರ ಸಣ್ಣಕಥೆಗಳು ಒಂದೇ ಚಿತ್ರದಲ್ಲಿ ಒದಗಿಬಂದವು. ‘ರಂಗನಾಯಕಿ’ (1981) ವೃತ್ತಿರಂಗಭೂಮಿಯ ಕಲಾವಿದೆಯ ಬಾಳನ್ನೂ ‘ಮಾನಸ ಸರೋವರ’ (1982) ರೋಗಿಗೆ ಮನಸೋತು ತಾನೇ ಬುದ್ಧಿಸ್ಥಿಮಿತ ಕಳೆದುಕೊಳ್ಳುವ ಮನೋವೈದ್ಯನ ಪಾಡನ್ನೂ ಚಿತ್ರಿಸಿದವು.

ಪುಟ್ಟಣ್ಣನವರ ಕೃತಿಗಳ ಮಿತಿಯನ್ನೂ ಮರೆಯುವಂತಿಲ್ಲ. ಭಾವಾತಿರೇಕ ಅವರ ಶೈಲಿಯ ಶಕ್ತಿಯೂ ಹೌದು, ದೌರ್ಬಲ್ಯವೂ ಹೌದು. ಅವರ ನಾಯಕಿಯರಲ್ಲಿ ಅನೇಕರು ಸಾವಿಗೋ ಹುಚ್ಚಿಗೋ ಸಂದುತ್ತಾರೆ. ಇದು ವ್ಯವಸ್ಥೆಯ ವಿಮರ್ಶೆಯೋ ಅಥವಾ ಗಡಿ ದಾಟುವ ಹೆಣ್ಣಿಗೆ ನೀಡಿದ ಎಚ್ಚರಿಕೆಯೋ ಎಂಬ ಸ್ತ್ರೀವಾದಿ ಪ್ರಶ್ನೆ ನ್ಯಾಯವಾದುದು. ಆದರೆ ಅಂಥ ಪ್ರಶ್ನೆಯನ್ನು ಕೇಳುವುದಕ್ಕೆ ಬೇಕಾದ ಪಾತ್ರಗಳನ್ನು ಜನಪ್ರಿಯ ಮಾಧ್ಯಮದೊಳಗೆ ನಿಲ್ಲಿಸಿದ ಶ್ರೇಯಸ್ಸು ಅವರಿಗೆ ಸಲ್ಲಬೇಕು. 1970ರ ‘ಸಂಸ್ಕಾರ’ದಿಂದ ಮೊದಲಾದ ಹೊಸ ಅಲೆಯ ಚಿತ್ರಗಳು ಸೀಮಿತ ವಲಯವನ್ನು ಮುಟ್ಟಿದರೆ, ಪುಟ್ಟಣ್ಣನವರ ಚಿತ್ರಗಳು ಕಾದಂಬರಿ ಓದದ ಮನೆಗಳಿಗೂ ಕಾದಂಬರಿಯ ಒಳನೋಟವನ್ನು ಒಯ್ದವು.

1985ರ ಜೂನ್ 5ರಂದು, 51ನೆಯ ವಯಸ್ಸಿನಲ್ಲಿ ಪುಟ್ಟಣ್ಣನವರು ನಿಧನರಾದಾಗ ‘ಮಸಣದ ಹೂವು’ ಅಪೂರ್ಣವಾಗಿತ್ತು, ಅದನ್ನು ಕೆ.ಎಸ್.ಎಲ್. ಸ್ವಾಮಿ ಪೂರ್ಣಗೊಳಿಸಿದರು. ಕರ್ನಾಟಕ ಸರ್ಕಾರ ಅವರ ಹೆಸರಿನಲ್ಲಿ ನಿರ್ದೇಶಕರಿಗೆ ಪ್ರಶಸ್ತಿ ಸ್ಥಾಪಿಸಿದೆ. ಆದರೆ ಆಸ್ಪತ್ರೆಯಿಂದ ಮರಳಿದ ಕಾವೇರಿಯನ್ನು ಮನೆಯವರು ಹೇಗೆ ಬರಮಾಡಿಕೊಳ್ಳುತ್ತಾರೆಂಬ ‘ಶರಪಂಜರ’ದ ಪ್ರಶ್ನೆ ಪ್ರಶಸ್ತಿಯಿಂದ ಮುಗಿಯತಕ್ಕದ್ದಲ್ಲ, ಅದಕ್ಕೆ ಉತ್ತರ ಕೊಡಬೇಕಾದದ್ದು ಚಿತ್ರ ನೋಡಿದ ಮನೆಗಳೇ.