ಮೋ ಬರ್ಗ್: ಪಿಸ್ತೂಲು ಹಿಡಿದು ಭೌತಶಾಸ್ತ್ರದ ಪಾಠ ಕೇಳಲು ಹೋದ ಬೇಸ್‌ಬಾಲ್ ಆಟಗಾರ! ಈ ಕಥೆಯಲ್ಲಿ ನಿಜವೆಷ್ಟು?

ಅಮೆರಿಕದ ಬೇಸ್‌ಬಾಲ್ ಆಟಗಾರನೊಬ್ಬನಿಗೆ ಹನ್ನೆರಡು ಭಾಷೆ ಬರುತ್ತಿತ್ತು, ಅದರಲ್ಲಿ ಸಂಸ್ಕೃತವೂ ಇತ್ತು. ಅವನು ಜಪಾನಿನಲ್ಲಿ ಗೂಢಚಾರನಾಗಿದ್ದ. ಜೇಬಿನಲ್ಲಿ ಪಿಸ್ತೂಲು ಇಟ್ಟುಕೊಂಡು ನೊಬೆಲ್ ವಿಜ್ಞಾನಿಯ ಉಪನ್ಯಾಸಕ್ಕೆ ಹೋಗಿದ್ದ. ಹಿಟ್ಲರನ ಅಣುಬಾಂಬನ್ನು ತಡೆದವನೂ ಅವನೇ!

ಇಂಥದ್ದೊಂದು ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂದರೆ ನಂಬುತ್ತೀರಾ? ಪಾಲ್ ರಡ್ ನಟಿಸಿದ ‘ದಿ ಕ್ಯಾಚರ್ ವಾಸ್ ಎ ಸ್ಪೈ’ (2018) ಸಿನಿಮಾ ನೋಡಿದಾಗ ನನಗೂ ಇದೆಲ್ಲ ಹಾಲಿವುಡ್‌ನವರ ಕಲ್ಪನೆ ಅನ್ನಿಸಿತ್ತು. ಆಮೇಲೆ ಓದುತ್ತಾ ಹೋದಂತೆ, ನಂಬಲು ಕಷ್ಟವಾದ ಭಾಗವೇ ನಿಜ, ಸಲೀಸಾಗಿ ನಂಬಿದ ಭಾಗವೇ ಸುಳ್ಳು ಎಂದು ಗೊತ್ತಾಯಿತು. ಒಂದೊಂದಾಗಿ ನೋಡೋಣ.

ಯಾರಿವರು?

ಮೋ ಬರ್ಗ್ ಹುಟ್ಟಿದ್ದು 1902ರ ಮಾರ್ಚ್ 2ರಂದು ನ್ಯೂಯಾರ್ಕ್‌ನಲ್ಲಿ, ಬೆಳೆದದ್ದು ಪಕ್ಕದ ನೆವಾರ್ಕ್ ನಗರದಲ್ಲಿ. ಉಕ್ರೇನ್ ಕಡೆಯಿಂದ ವಲಸೆ ಬಂದ ಯಹೂದಿ ಕುಟುಂಬ. ತಂದೆ ಔಷಧಿ ಅಂಗಡಿ ಇಟ್ಟಿದ್ದರು. ಓದಿದ ಮಗ ಚೆಂಡಾಟ ಆಡಿಕೊಂಡಿರುವುದು ಅವರಿಗೆ ಹಿಡಿಸಲಿಲ್ಲ. ಮಗನ ಒಂದೇ ಒಂದು ಪಂದ್ಯವನ್ನೂ ಅವರು ಮೈದಾನಕ್ಕೆ ಬಂದು ನೋಡಲಿಲ್ಲ.

ಬರ್ಗ್ 1923ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಿಂದ ಪದವಿ ಪಡೆದು ಅದೇ ವರ್ಷ ವೃತ್ತಿಪರ ಬೇಸ್‌ಬಾಲ್‌ಗೆ ಇಳಿದರು. ಆಟದ ನಡುವೆಯೇ ಕೊಲಂಬಿಯಾದಲ್ಲಿ ಕಾನೂನು ಪದವಿಯನ್ನೂ ಮುಗಿಸಿದರು. ಅವರ ಮುಖ್ಯ ಜಾಗ ಕ್ಯಾಚರ್. ಅಂದರೆ ನಮ್ಮ ಕ್ರಿಕೆಟ್‌ನ ವಿಕೆಟ್‌ಕೀಪರ್ ಇದ್ದಂತೆ, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವರು.

ಆಟ ಮಾತ್ರ ಸಾಧಾರಣ. ಬ್ಯಾಟಿಂಗ್ ಸರಾಸರಿ .243. 15 ಸೀಸನ್‌ಗಳಲ್ಲಿ ಹೊಡೆದದ್ದು 6 ಹೋಮ್ ರನ್. ಅದೇ ಕಾಲದ ಬೇಬ್ ರೂತ್ ಒಟ್ಟು 714 ಹೊಡೆದಿದ್ದರು! 1930ರಲ್ಲಿ ಮಂಡಿಗೆ ಪೆಟ್ಟಾದ ಮೇಲೆ ಬರ್ಗ್ ಹೆಚ್ಚಾಗಿ ಬೆಂಚಿನಲ್ಲೇ ಕೂತರು. ಆದರೆ ವಿಚಿತ್ರ ಅಭ್ಯಾಸಗಳಿಂದ ಹೆಸರಾದರು. ದಿನಕ್ಕೆ ಹಲವು ಪತ್ರಿಕೆ ಓದುತ್ತಿದ್ದರು. ತಾವು ಓದುವ ಮೊದಲು ಬೇರೆಯವರು ಮುಟ್ಟಿದರೆ ಆ ಪತ್ರಿಕೆ ಸತ್ತಿತು ಎಂದು ಬೇರೆ ಪ್ರತಿ ತರುತ್ತಿದ್ದರಂತೆ.

ಹನ್ನೆರಡು ಭಾಷೆ ಬರುತ್ತಿತ್ತೇ?

ಅರ್ಧ ನಿಜ. ಪ್ರಿನ್ಸ್‌ಟನ್‌ನಲ್ಲಿ ಅವರು ಲ್ಯಾಟಿನ್, ಗ್ರೀಕ್, ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್, ಜರ್ಮನ್ ಜೊತೆಗೆ ಸಂಸ್ಕೃತವನ್ನೂ ಅಭ್ಯಾಸ ಮಾಡಿದ್ದು ಹೌದು. ಕಾಲೇಜು ಪಂದ್ಯಗಳಲ್ಲಿ ಎದುರಾಳಿಗೆ ತಿಳಿಯದಿರಲೆಂದು ಜೊತೆಗಾರನ ಹತ್ತಿರ ಲ್ಯಾಟಿನ್‌ನಲ್ಲಿ ಮಾತಾಡುತ್ತಿದ್ದರು ಎನ್ನುತ್ತಾರೆ. ಆದರೆ ಕಲಿಯುವುದು ಬೇರೆ, ನಿರರ್ಗಳವಾಗಿ ಮಾತಾಡುವುದು ಬೇರೆ. ಹೇಳುವವರ ಬಾಯಲ್ಲಿ ಭಾಷೆಗಳ ಸಂಖ್ಯೆ ಬೆಳೆಯುತ್ತಾ ಹೋಗಿದೆ.

ಟೋಕಿಯೊದಲ್ಲಿ ಗೂಢಚರ್ಯೆ ಮಾಡಿದರೇ?

1934ರಲ್ಲಿ ಬೇಬ್ ರೂತ್ ಅವರಂಥ ಘಟಾನುಘಟಿಗಳ ತಂಡ ಜಪಾನ್ ಪ್ರವಾಸ ಹೊರಟಿತು. ಅದರಲ್ಲಿ ಬರ್ಗ್ ಕೂಡ ಇದ್ದರು. ತಂಡ ಬೇರೆ ಊರಿನಲ್ಲಿ ಆಡುತ್ತಿದ್ದ ದಿನ ಅವರು ಟೋಕಿಯೊದ ಸೇಂಟ್ ಲ್ಯೂಕ್ಸ್ ಆಸ್ಪತ್ರೆಗೆ ಹೋದರು. ಅಮೆರಿಕ ರಾಯಭಾರಿಯ ಬಾಣಂತಿ ಮಗಳನ್ನು ನೋಡಲು ಬಂದಿದ್ದೇನೆ ಎಂಬುದು ನೆಪ. ಆಕೆಯನ್ನು ನೋಡದೆ ನೇರ ತಾರಸಿಗೆ ಹತ್ತಿ, ನಗರ ಮತ್ತು ಬಂದರನ್ನು ಸಿನಿಮಾ ಕ್ಯಾಮೆರಾದಲ್ಲಿ ಸೆರೆಹಿಡಿದರು.

ಇಷ್ಟು ನಿಜ. ಆದರೆ ಸರ್ಕಾರವೇ ಅವರನ್ನು ಕಳಿಸಿತ್ತು ಎನ್ನಲು ದಾಖಲೆ ಇಲ್ಲ. 1942ರ ಏಪ್ರಿಲ್‌ನಲ್ಲಿ ಅಮೆರಿಕ ಟೋಕಿಯೊ ಮೇಲೆ ನಡೆಸಿದ ಡೂಲಿಟಲ್ ದಾಳಿಗೆ ಈ ಚಿತ್ರವೇ ನೆರವಾಯಿತು ಎಂಬ ಮಾತಿಗೂ ಆಧಾರ ಸಿಕ್ಕಿಲ್ಲ.

ಆ ಪಿಸ್ತೂಲಿನ ಕಥೆ?

ಇದು ನಿಜ. ಎರಡನೇ ಮಹಾಯುದ್ಧದಲ್ಲಿ ಬರ್ಗ್ ಅಮೆರಿಕದ ಗುಪ್ತಚರ ಸಂಸ್ಥೆ ಓಎಸ್‌ಎಸ್ ಸೇರಿದರು. ಜರ್ಮನಿ ಅಣುಬಾಂಬ್ ಮಾಡುತ್ತಿದೆಯೇ ಎಂಬುದು ಆಗಿನ ದೊಡ್ಡ ಭಯ. ಎಲ್ಲರ ಕಣ್ಣು ಇದ್ದದ್ದು ಅನಿಶ್ಚಿತತೆಯ ತತ್ವ ಮಂಡಿಸಿದ ವರ್ನರ್ ಹೈಸನ್‌ಬರ್ಗ್ ಮೇಲೆ.

1944ರ ಡಿಸೆಂಬರ್ 18ರಂದು ಹೈಸನ್‌ಬರ್ಗ್ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಉಪನ್ಯಾಸ ನೀಡಿದರು. ಸಭಿಕರ ನಡುವೆ ಬರ್ಗ್ ಕೂತಿದ್ದರು. ಜೇಬಿನಲ್ಲಿ ಪಿಸ್ತೂಲು, ಸಿಕ್ಕಿಬಿದ್ದರೆ ನುಂಗಲು ಸಯನೈಡ್. ಜರ್ಮನಿ ಬಾಂಬಿನ ಹತ್ತಿರ ಬಂದಿದೆ ಎಂದು ಖಚಿತವಾದರೆ ಅಲ್ಲೇ ಗುಂಡು ಹಾರಿಸಬೇಕಿತ್ತು.

ತಮಾಷೆ ಏನೆಂದರೆ, ಅಂದಿನ ವಿಷಯ ಎಸ್-ಮ್ಯಾಟ್ರಿಕ್ಸ್. ಕಣಗಳು ಡಿಕ್ಕಿ ಹೊಡೆದು ಚದುರುವುದನ್ನು ವಿವರಿಸುವ ಗಣಿತ ಅದು. ಬಾಂಬಿಗೂ ಅದಕ್ಕೂ ಸಂಬಂಧವಿಲ್ಲ. ಕೆಲವು ದಿನಗಳ ನಂತರ ಊಟದ ಕೂಟವೊಂದರಲ್ಲಿ, ಜರ್ಮನಿ ಯುದ್ಧ ಸೋತಂತೆಯೇ ಎಂಬರ್ಥದ ಮಾತು ಹೈಸನ್‌ಬರ್ಗ್ ಬಾಯಿಂದ ಬಂತು. ಬಾಂಬ್ ಕೈಯಲ್ಲಿದ್ದವರು ಹೀಗೆ ಮಾತಾಡುವುದಿಲ್ಲ. ಬರ್ಗ್ ಗುಂಡು ಹಾರಿಸಲಿಲ್ಲ.

ಹಾಗಾದರೆ ಹಿಟ್ಲರನ ಬಾಂಬ್ ತಡೆದದ್ದು ಯಾರು?

ಮೆಸೇಜ್ ಪೂರ್ತಿ ಸುಳ್ಳಾಗುವುದು ಇಲ್ಲೇ. ತಡೆಯಲು ಅಲ್ಲಿ ಬಾಂಬೇ ಇರಲಿಲ್ಲ. ಈ ಯುದ್ಧ ಮುಗಿಯುವುದರೊಳಗೆ ಬಾಂಬ್ ಆಗದು ಎಂದು ಜರ್ಮನ್ ಸೇನೆ 1942ರಲ್ಲೇ ತೀರ್ಮಾನಿಸಿತ್ತು. ಉಳಿದದ್ದು ರಿಯಾಕ್ಟರ್ ಪ್ರಯೋಗ. ಅದರಲ್ಲಿ ನ್ಯೂಟ್ರಾನ್‌ಗಳ ವೇಗ ತಗ್ಗಿಸಲು ಗ್ರಾಫೈಟ್ ಅಥವಾ ಭಾರಜಲ ಬೇಕು. ಶುದ್ಧವಲ್ಲದ ಗ್ರಾಫೈಟ್ ಪರೀಕ್ಷಿಸಿದ ಜರ್ಮನ್ನರು ಅದು ಕೆಲಸಕ್ಕೆ ಬಾರದು ಎಂದುಕೊಂಡು ಭಾರಜಲವನ್ನು ನೆಚ್ಚಿಕೊಂಡರು. ಅದು ಬರುತ್ತಿದ್ದದ್ದು ನಾರ್ವೆಯ ಒಂದು ಕಾರ್ಖಾನೆಯಿಂದ. 1943ರಲ್ಲಿ ನಾರ್ವೆಯ ಹೋರಾಟಗಾರರು ಅದರ ಯಂತ್ರಗಳನ್ನು ಸ್ಫೋಟಿಸಿದರು. 1944ರಲ್ಲಿ ಭಾರಜಲ ಸಾಗಿಸುತ್ತಿದ್ದ ಹಡಗನ್ನೂ ಮುಳುಗಿಸಿದರು.

ಅತ್ತ ಅಮೆರಿಕದಲ್ಲಿ ಫರ್ಮಿ ತಂಡ 1942ರ ಡಿಸೆಂಬರ್‌ನಲ್ಲೇ ಗ್ರಾಫೈಟ್ ಬಳಸಿ ತಾನಾಗಿ ಮುಂದುವರಿಯುವ ಸರಪಳಿ ಕ್ರಿಯೆ ಸಾಧಿಸಿತ್ತು. ಜರ್ಮನ್ನರಿಗೆ ಯುದ್ಧ ಮುಗಿಯುವವರೆಗೂ ಅದು ಆಗಲಿಲ್ಲ.

ಆಮೇಲೆ ಏನಾಯಿತು?

ಯುದ್ಧದ ನಂತರ ಬರ್ಗ್ ಅವರಿಗೆ ಮೆಡಲ್ ಆಫ್ ಫ್ರೀಡಂ ಘೋಷಣೆಯಾಯಿತು. ಅವರು ಬೇಡವೆಂದರು. ಮುಂದೆ ನೆಲೆಯಾದ ಉದ್ಯೋಗ ಇರಲಿಲ್ಲ, ಮದುವೆಯೂ ಆಗಲಿಲ್ಲ. ವರ್ಷಗಟ್ಟಲೆ ಅಣ್ಣನ ಮನೆಯಲ್ಲಿ, ಆಮೇಲೆ ಅಕ್ಕನ ಮನೆಯಲ್ಲಿ ದಿನ ಕಳೆದರು. 1972ರ ಮೇ 29ರಂದು ತೀರಿಕೊಂಡಾಗ ಅವರಿಗೆ 70 ವರ್ಷ. ಪದಕವನ್ನು ಅಕ್ಕ ಸ್ವೀಕರಿಸಿದರು.

ಕೊನೆಯ ಮಾತು

ಬರ್ಗ್ ಹಿಟ್ಲರನ ಬಾಂಬ್ ತಡೆಯಲಿಲ್ಲ. ಆದರೆ ಭಯ ಮತ್ತು ಅನುಮಾನ ಬಿಟ್ಟರೆ ಬೇರೆ ಪುರಾವೆ ಇಲ್ಲದಿದ್ದಾಗ ಒಬ್ಬ ಮನುಷ್ಯನ ಜೀವ ತೆಗೆಯಲಿಲ್ಲ. ಅವರ ಅಂದಾಜು ಸರಿಯಾಗಿತ್ತು ಎಂದು ಇತಿಹಾಸ ಆಮೇಲೆ ಹೇಳಿತು. ನನಗೆ ಅವರು ದೊಡ್ಡವರಾಗಿ ಕಾಣುವುದು ಇದಕ್ಕೇ. ಮುಂದಿನ ಸಲ ಯಾರದೋ ಮೇಲೆ ಆರೋಪ ಹೊರಿಸುವ ಫಾರ್ವರ್ಡ್ ಬಂದು, ಬೆರಳು ಶೇರ್ ಬಟನ್ ಹತ್ತಿರ ಹೋದಾಗ, ಜ್ಯೂರಿಕ್‌ನ ಆ ಸಭೆಯಲ್ಲಿ ಸುಮ್ಮನೆ ಕೂತಿದ್ದ ಕ್ಯಾಚರ್‌ನನ್ನು ಒಮ್ಮೆ ನೆನಪಿಸಿಕೊಳ್ಳಿ.